ಸೆರೆಮನೆಯಲ್ಲಿ ಮನಶ್ಶಾಸ್ತ್ರಜ್ಞನ ಮೇಲ್ವಿಚಾರಣೆ: ಕಲಬುರಗಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

ಕರ್ನಾಟಕದ ಸೆರೆಮನೆಗಳ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿರುವುದು ಕಂಡುಬರುತ್ತದೆ. ಸ್ವಾತಂತ್ರ್ಯ ಹೋರಾಟಗಾರರ ಸೆರೆವಾಸದ ನೆನಪುಗಳು ಒಂದು ದಾರಿ. ಕಾಯ್ದೆ, ಕಟ್ಟಡ ಮತ್ತು ಆಡಳಿತದ ವಿವರಗಳು ಇನ್ನೊಂದು. ಇವೆರಡರ ನಡುವೆ ಸಾಮಾನ್ಯ ಕೈದಿಯೊಬ್ಬ, ಅಂದರೆ ಹೊಲದ ಬದುವಿನ ಜಗಳದಲ್ಲಿ ಕೊಡಲಿ ಎತ್ತಿ ಒಳಗೆ ಹೋದ ರೈತನೋ, ಜಾಮೀನಿಗೆ ಜನವಿಲ್ಲದೆ ವರ್ಷಗಟ್ಟಲೆ ಉಳಿದ ಕೂಲಿಯೋ, ಅಲ್ಲಿ ಏನನ್ನು ಮಾತಾಡಿದ, ಆ ಮಾತನ್ನು ಯಾರು ಕೇಳಿದರು, ಕೇಳಿದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಉಳಿದೇಬಿಟ್ಟಿದೆ. ಮೌಖಿಕ ಪರಂಪರೆಯ ಅಧ್ಯಯನ ಮಾಡುವವರಿಗೆ ಇದು ಹೊರಗಿನ ಪ್ರಶ್ನೆಯಲ್ಲ. ಮಾತನ್ನು ಕೇಳಿ ಬರೆದುಕೊಳ್ಳುವುದೇ ನಮ್ಮ ಶಿಸ್ತಿನ ಕಸುಬು. ಸೆರೆಮನೆಯಲ್ಲಿ ಇದೇ ಕಸುಬನ್ನು ಬೇರೆ ಉದ್ದೇಶದಿಂದ ಮಾಡುವವನು ಮನಶ್ಶಾಸ್ತ್ರಜ್ಞ. ಅವನ ಕೆಲಸದ, ಅದರಲ್ಲಿಯೂ ಇತರ ಆಪ್ತಸಲಹೆಗಾರರ ಕೆಲಸವನ್ನು ನೋಡಿಕೊಳ್ಳುವ ಹಿರಿಯ ಮನಶ್ಶಾಸ್ತ್ರಜ್ಞನ ಕೆಲಸದ ಹಿನ್ನೆಲೆಯನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ಗಮನಿಸಬಹುದು. ಗ್ರಂಥಭಾಷೆಯಲ್ಲಿ ಕಾರಾಗೃಹ, ಸೆರೆಮನೆ ಎಂಬ ಮಾತುಗಳಿದ್ದರೂ ಈ ಸೀಮೆಯ ಹಳೆಯ ತಲೆಮಾರಿನ ಬಾಯಲ್ಲಿ ತುರಂಗ, ಬಂದೀಖಾನೆ, ಜೇಲು ಎಂಬವೇ ಹೆಚ್ಚು. ತುರಂಗವು ಮರಾಠಿಯಿಂದ ಬಂದದ್ದು. ಅದರ ಬೇರು ಪೋರ್ಚುಗೀಸ್ ಭಾಷೆಯಲ್ಲಿದೆಯೆಂದು ಹೇಳುತ್ತಾರೆ. ಬಂದೀಖಾನೆಯಲ್ಲಿ ಪಾರಸಿಯ ನೆರಳಿದೆ. ಮೂರು ಆಳಿಕೆಗಳ ಗುರುತು ಮೂರು ಶಬ್ದಗಳಲ್ಲಿ ಉಳಿದಿದೆ ಎನ್ನಬಹುದು. ಇನ್ನು ‘ಮೇಲ್ವಿಚಾರಣೆ’ ಎಂಬ ಶಬ್ದ. ಶಿಕ್ಷೆಯಾಗದೆ ಒಳಗಿರುವವನನ್ನು ನಾವು ‘ವಿಚಾರಣಾಧೀನ ಕೈದಿ’ ಎನ್ನುತ್ತೇವೆ. ನ್ಯಾಯಾಲಯದ ವಿಚಾರಣೆಯೂ ಮನಶ್ಶಾಸ್ತ್ರಜ್ಞನ ಮೇಲ್ವಿಚಾರಣೆಯೂ ಕನ್ನಡದಲ್ಲಿ ಒಂದೇ ಮೂಲದಿಂದ ಬಂದಿರುವುದರಿಂದ ಕೈದಿಯ ಕಿವಿಗೆ ಎರಡೂ ಒಂದೇ ಬಗೆಯಾಗಿ ಕೇಳಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಎದುರಿಗೆ ಕುಳಿತು ಪ್ರಶ್ನೆ ಕೇಳಿ ಕಾಗದದ ಮೇಲೆ ಬರೆದುಕೊಳ್ಳುವವನು ಪೊಲೀಸನಾಗಿರಲಿ, ವಕೀಲನಾಗಿರಲಿ, ವೈದ್ಯನಾಗಿರಲಿ, ಬರೆದುಕೊಂಡದ್ದು ಒಂದು ದಿನ ತನಗೆ ಎದುರಾಗಿ ನಿಲ್ಲುತ್ತದೆ ಎಂಬುದು ಕೈದಿಯ ಅನುಭವಸಿದ್ಧ ತಿಳಿವಳಿಕೆ.

ಈ ಹುದ್ದೆಯ ಕೆಲಸವಾದರೂ ಏನು? ಅಮೆರಿಕದ ಕೆಲವು ರಾಜ್ಯಗಳ ಸೆರೆಮನೆಗಳಲ್ಲಿ ಮೇಲ್ವಿಚಾರಕ ಮನಶ್ಶಾಸ್ತ್ರಜ್ಞ ಎಂಬುದು ವೇತನಶ್ರೇಣಿಯುಳ್ಳ ಪ್ರತ್ಯೇಕ ಹುದ್ದೆ. ಇಂಗ್ಲೆಂಡಿನ ಗ್ರೆಂಡನ್ ಸೆರೆಮನೆಯನ್ನು 1962ರಲ್ಲಿ ತೆರೆದಾಗ ಅದರ ಗುರಿಯೇ ಮಾನಸಿಕ ಚಿಕಿತ್ಸೆಯಾಗಿತ್ತು. ನಮ್ಮಲ್ಲಿ ಹುದ್ದೆಯ ಹೆಸರು ಒಂದೊಂದು ಕಡೆ ಒಂದೊಂದು ಇದ್ದರೂ ಕೆಲಸದ ಸ್ವರೂಪ ಒಂದೇ. ಹೊಸದಾಗಿ ಒಳಬಂದವನನ್ನು ಮೊದಲ ದಿನಗಳಲ್ಲಿಯೇ ನೋಡುವುದು. ಜಾಮೀನು ನಿರಾಕರಣೆಯಾದ ದಿನ, ಶಿಕ್ಷೆ ಪ್ರಕಟವಾದ ದಿನ, ಮುಲಾಕಾತಿಗೆ ಬರಬೇಕಾದವರು ಬಾರದೆ ಹೋದ ದಿನಗಳ ಮೇಲೆ ಕಣ್ಣಿಡುವುದು. ವ್ಯಸನ ಹಠಾತ್ತನೆ ನಿಂತಾಗ ಬರುವ ನಡುಕ ಭ್ರಮೆಗಳನ್ನು ಹುಚ್ಚಿನಿಂದ ಬೇರ್ಪಡಿಸಿ ಮನೋವೈದ್ಯರಿಗೆ ತಿಳಿಸುವುದು. ಕಿರಿಯ ಸಲಹೆಗಾರರು ವಾರದುದ್ದಕ್ಕೂ ಕೇಳಿ ಬಂದುದನ್ನು ಅವರೊಡನೆ ಕುಳಿತು ಬಿಡಿಸಿ ನೋಡುವುದು. ಕೊನೆಯದೇ ನಿಜವಾದ ಮೇಲ್ವಿಚಾರಣೆ. ಕಿರಿಯನು ಕೇಳಿದ್ದರಲ್ಲಿ ಯಾವುದು ರೋಗಲಕ್ಷಣ, ಯಾವುದು ದುಃಖ, ಯಾವುದು ನಟನೆ, ಯಾವುದನ್ನು ಅಧೀಕ್ಷಕರಿಗೆ ತಿಳಿಸಲೇಬೇಕು, ಯಾವುದನ್ನು ತಿಳಿಸಬಾರದು ಎಂಬುದನ್ನು ತೀರ್ಮಾನಿಸುವ ಹೊಣೆ ಹಿರಿಯನದು. ಆತ್ಮಹತ್ಯೆಯ ಸೂಚನೆಯನ್ನು ಮುಚ್ಚಿಟ್ಟರೆ ಜೀವ ಹೋಗುತ್ತದೆ. ಅಪರಾಧದ ಬಗೆಗಿನ ಮಾತನ್ನು ಬಿಚ್ಚಿಟ್ಟರೆ ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದ ಸೆರೆಮನೆಗಳಲ್ಲಿ ಸಂಭವಿಸಿದ 159 ಅಸಹಜ ಸಾವುಗಳಲ್ಲಿ 119 ಆತ್ಮಹತ್ಯೆಗಳು. ಸೆರೆಮನೆಯ ಒಳಗಿನ ಹಿಂಸೆಯೆಂದರೆ ಹೊಡೆದಾಟವೆಂದು ಭಾವಿಸುವವರು ಈ ಪ್ರಮಾಣವನ್ನು ನೋಡಬೇಕು.

ಕೇಳುವ ಕೆಲಸಕ್ಕೂ ಒಪ್ಪಿಸುವ ಕೆಲಸಕ್ಕೂ ನಡುವಿನ ಈ ಇಕ್ಕಟ್ಟು ಮನಶ್ಶಾಸ್ತ್ರದೊಂದಿಗೆ ಹುಟ್ಟಿದ್ದಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೆ ಸುಮಾರು ಎರಡು ಶತಮಾನಗಳ ಚರಿತ್ರೆಯಿದೆ. ಆಳಂದದ ಗಡಿಯಾಚೆಗಿನ ತುಳಜಾಪುರ ಸೀಮೆಯಲ್ಲಿ ನಿಜಾಮರ ಸೇವೆಯ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಠಕ್ಕರ ತಂಡಗಳ ವಿಷಯದಲ್ಲಿ ತನಿಖೆ ನಡೆಸಿದವನು. ಠಕ್ಕರ ದಮನ ಕಾರ್ಯಾಚರಣೆ ನಿಂತದ್ದೇ ಮಾಫಿ ಸಾಕ್ಷಿಗಳ ಮಾತಿನ ಮೇಲೆ. ಸಿಕ್ಕಿಬಿದ್ದ ಒಬ್ಬನನ್ನು ಕೂರಿಸಿಕೊಂಡು ಅವನ ಬಾಳಿನ ಕಥೆಯನ್ನೆಲ್ಲ ಹೇಳಿಸಿ, ಅದರಿಂದ ಇನ್ನೂ ಹಲವರನ್ನು ಹಿಡಿಯುವುದು ಆ ವಿಧಾನ. 1839ರಲ್ಲಿ ಪ್ರಕಟವಾದ ಟೇಲರನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯ ಚೌಕಟ್ಟು ಕೂಡ ಇದೇ: ಕೈದಿ ಅಮೀರ್ ಅಲಿ ಹೇಳುತ್ತಾನೆ, ಸಾಹೇಬ ಕೇಳುತ್ತಾನೆ. ಸೆರೆಯಲ್ಲಿರುವವನ ಮನಸ್ಸನ್ನು ಅವನ ಮಾತಿನಿಂದಲೇ ಬಿಡಿಸಿ ತೋರಿಸಿದ ಬರಹ ಅದಕ್ಕಿಂತ ಮೊದಲು ಈ ಭಾಗದ ಹಿನ್ನೆಲೆಯಲ್ಲಿ ಬಂದುದನ್ನು ನಾನು ಕಾಣೆ. ಆದರೆ ಆ ಕೇಳುವಿಕೆಯ ಬೆಲೆ ಮಾಹಿತಿಯಲ್ಲಿತ್ತು. ಹೇಳಿದವನ ಜೀವ ಉಳಿಯುತ್ತಿತ್ತು, ಅವನು ಹೆಸರಿಸಿದವರ ಜೀವ ಹೋಗುತ್ತಿತ್ತು.

ಟೇಲರನ ಬದುಕಿನಲ್ಲಿಯೇ ಇದರ ಇನ್ನೊಂದು ಮುಖ 1858ರಲ್ಲಿ ಎದುರಾಯಿತು. ಜೇವರ್ಗಿಗೆ ದಕ್ಷಿಣದ ಸುರಪುರ ಸಂಸ್ಥಾನದಲ್ಲಿ ಆತ 1841ರಿಂದ 1853ರವರೆಗೆ ಇದ್ದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನ ಕಣ್ಣ ಮುಂದೆ ಬೆಳೆದವನು. ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದವನು. 1858ರ ಫೆಬ್ರವರಿಯಲ್ಲಿ ಸುರಪುರದ ಬಂಡಾಯ ಮುರಿದುಬಿದ್ದು, ರಾಜನು ಹೈದರಾಬಾದಿನಲ್ಲಿ ಸೆರೆ ಸಿಕ್ಕಾಗ ಟೇಲರ್ ಅವನನ್ನು ಸೆರೆಮನೆಯಲ್ಲಿ ಕಂಡ. 1877ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಆ ಭೇಟಿಯ ವಿವರವಿದೆ. ಬಂಡಾಯಕ್ಕೆ ಪ್ರಚೋದಿಸಿದವರು ಯಾರೆಂಬುದನ್ನು ರಾಜನು ತಿಳಿಸಿದರೆ ಅನುಕೂಲವಾದೀತೆಂಬುದು ರೆಸಿಡೆಂಟನ ನಿರೀಕ್ಷೆ. ರಾಜನು ಟೇಲರನ ಎದುರು ಅತ್ತ, ಮನಸ್ಸನ್ನು ತೋಡಿಕೊಂಡ, ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಲಿ ಎಂದು ಕೇಳಿಕೊಂಡ; ಹೆಸರುಗಳನ್ನು ಮಾತ್ರ ಹೇಳಲಿಲ್ಲ. ಮರಣದಂಡನೆ ಕಡಿತಗೊಂಡು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ನಿರ್ಧಾರವಾದರೂ, ಅಲ್ಲಿಗೆ ಒಯ್ಯುವ ಹಾದಿಯಲ್ಲಿಯೇ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜನು ತೀರಿಕೊಂಡ. ಅದು ಆತ್ಮಹತ್ಯೆಯೆಂದು ಟೇಲರ್ ಬರೆದ. ಸುರಪುರದ ಜನರ ಮಾತಿನಲ್ಲಿ ಅನುಮಾನ ಇಂದಿಗೂ ಇದೆ.

ಈ ಪ್ರಸಂಗವನ್ನು ಇತಿಹಾಸಕಾರರು ದೇಶಭಕ್ತಿಯ ದೃಷ್ಟಾಂತವಾಗಿ ಓದಿದ್ದಾರೆ, ಅದು ಸರಿಯೇ. ಆದರೆ ಸೆರೆಮನೆಯ ಮನಶ್ಶಾಸ್ತ್ರದ ದೃಷ್ಟಿಯಿಂದಲೂ ಅದು ಎಣಿಕೆಗೆ ಬರಬೇಕಾದುದು. ಒಂದೇ ವ್ಯಕ್ತಿ ಆಪ್ತನೂ ಹೌದು, ಆಳುವವರ ಪ್ರತಿನಿಧಿಯೂ ಹೌದು. ಕೈದಿಗೆ ಇವೆರಡೂ ಗೊತ್ತು. ತನ್ನ ಸಂಕಟವನ್ನು ಅವನು ಆಪ್ತನಿಗೆ ಹೇಳುತ್ತಾನೆ, ಪ್ರತಿನಿಧಿಯಿಂದ ಹೆಸರುಗಳನ್ನು ಅಡಗಿಸುತ್ತಾನೆ. ಇಂದಿಗೂ ಸೆರೆಮನೆಯ ವೇತನದ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಮನಶ್ಶಾಸ್ತ್ರಜ್ಞನೂ ಕೂರುವುದು ಟೇಲರ್ ಕುಳಿತ ಕುರ್ಚಿಯಲ್ಲಿಯೇ. ಶಿಕ್ಷೆ ವಿಧಿಸಿದ ಮೇಲೆ, ದಾರಿಯಲ್ಲಿ, ಒಬ್ಬಂಟಿಯಾಗಿದ್ದಾಗ ಅಪಾಯ ಹೆಚ್ಚು ಎಂಬ ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಆ ಸಾವಿನ ವಿವರಗಳನ್ನು ಇನ್ನೊಮ್ಮೆ ಓದಿದರೆ ಬೇರೆಯದೇ ಒಂದು ದುಃಖ ಮೂಡುತ್ತದೆ.

ಬ್ರಿಟಿಷ್ ಭಾರತದಲ್ಲಿ 1894ರ ಕಾರಾಗೃಹ ಕಾಯ್ದೆ ಬಂದಾಗ ಅದರ 14ನೆಯ ಕಲಮಿನಲ್ಲಿ ಒಂದು ಗಮನಾರ್ಹ ಮಾತು ಸೇರಿತು. ಸೆರೆಮನೆಯ ಶಿಸ್ತಿನಿಂದ ಇಲ್ಲವೆ ಅಲ್ಲಿನ ನಡವಳಿಕೆಯಿಂದ ಕೈದಿಯ ಮನಸ್ಸಿಗೆ ಹಾನಿಯಾಗುತ್ತಿದೆ ಅಥವಾ ಆಗಬಹುದು ಎಂದು ವೈದ್ಯಾಧಿಕಾರಿಗೆ ಕಂಡರೆ ಅದನ್ನು ಲಿಖಿತವಾಗಿ ಅಧೀಕ್ಷಕನಿಗೆ ತಿಳಿಸಬೇಕು. ಶಿಕ್ಷೆಯೇ ಮನಸ್ಸನ್ನು ಕೆಡಿಸೀತು ಎಂದು ಶಿಕ್ಷಿಸುವವರ ಕಾನೂನು ತಾನೇ ಒಪ್ಪಿಕೊಂಡ ಸಾಲು ಇದು. ಆದರೆ ವರದಿ ಹೋಗುವುದು ಶಿಸ್ತನ್ನು ಜಾರಿಗೊಳಿಸುವ ಅಧಿಕಾರಿಗೇ. ಕಲಬುರಗಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಇಲ್ಲಿನ ಸೆರೆಮನೆಯ ನಡಾವಳಿ ಬೇರೆ. 1939ರ ಆರ್ಯಸಮಾಜದ ಸತ್ಯಾಗ್ರಹದ ಕಾಲದಲ್ಲಿ ಗುಲ್ಬರ್ಗಾ ಸೆರೆಮನೆಯಲ್ಲಿದ್ದವರು ಬರೆದುದರಿಂದ ಅದರ ಹೆಸರು ಹೊರಗೆ ತಿಳಿಯಿತೇ ಹೊರತು, ಜತೆಗಿದ್ದ ಸಾಮಾನ್ಯ ಕೈದಿಗಳ ಮನಸ್ಥಿತಿಯ ವಿಚಾರ ಆ ಬರಹಗಳಲ್ಲಿ ಹೆಚ್ಚಾಗಿ ಬರುವುದಿಲ್ಲ. ಬುದ್ಧಿಭ್ರಮಣೆಯಾದವರಿಗೆ ಸಂಸ್ಥಾನದ ಮಾನಸಿಕ ಆಸ್ಪತ್ರೆಯಿದ್ದದ್ದು ದೂರದ ಜಾಲ್ನಾದಲ್ಲಿ. 1950ರ ದಶಕದಲ್ಲಿ ಅದು ಹೈದರಾಬಾದಿನ ಎರಗಡ್ಡಕ್ಕೆ ಬಂತು. 1956ರ ಏಕೀಕರಣದ ಅನಂತರ, 1963ರ ರಾಜ್ಯ ಕಾರಾಗೃಹ ಕಾಯ್ದೆ ಹಾಗೂ 1974ರ ನಿಯಮಗಳ ಮೂಲಕ ಕಲಬುರಗಿಯೂ ಬೆಂಗಳೂರೂ ಒಂದೇ ಕಟ್ಟಳೆಗೆ ಒಳಪಟ್ಟವು.

ಬೆಂಗಳೂರು ಮೈಸೂರುಗಳ ಕಡೆ ಮನಶ್ಶಾಸ್ತ್ರಕ್ಕೆ ಆಗಲೇ ನೆಲೆ ಸಿಕ್ಕಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಎಂ.ವಿ. ಗೋಪಾಲಸ್ವಾಮಿಯವರಿಂದ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. (ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿಯನ್ನು ಹೊರಡಿಸಿದವರೂ ಇವರೇ; ಕೇಳುವಿಕೆಯ ಎರಡು ಬಗೆಗಳು ಒಬ್ಬರಲ್ಲಿಯೇ ಕೂಡಿದ್ದವು.) 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ತರಬೇತಿಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಈ ಸಂಸ್ಥೆಯಿಂದ. ಕಲಬುರಗಿ ಸೀಮೆಗೆ ಇದಕ್ಕಿಂತ ಹತ್ತಿರದ್ದು ಬಳ್ಳಾರಿಯ ಪ್ರಯೋಗ. 1985ರಿಂದ ಐದು ವರ್ಷ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕೆಲಸವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಮುಂದೆ ಸೆರೆಮನೆಗಳಿಗೆ ಭೇಟಿ ಕೊಡುವ ತಂಡಗಳು ಈ ಕಾರ್ಯಕ್ರಮದ ಮೂಲಕವೇ ಬಂದವು. ಮನಸ್ಸಿನ ಚಿಕಿತ್ಸೆ ನಗರದ್ದೆಂಬ ನಂಬಿಕೆಯನ್ನು ಮುರಿದದ್ದು ಹಿಂದುಳಿದ ಸೀಮೆಯೆಂದು ಹೆಸರಾದ ನಮ್ಮ ಭಾಗವೇ ಎಂಬುದನ್ನು ಇಲ್ಲಿ ನೆನೆಯಬೇಕು.

ಸೆರೆಮನೆ ಸುಧಾರಣೆಯ ಸಮಿತಿಗಳ ವಿಷಯವನ್ನು ವಿಸ್ತರಿಸಬೇಕಾಗಿಲ್ಲ. 1919-20ರ ಭಾರತೀಯ ಕಾರಾಗೃಹ ಸಮಿತಿಯಿಂದ 1980-83ರ ನ್ಯಾಯಮೂರ್ತಿ ಮುಲ್ಲಾ ಸಮಿತಿಯವರೆಗೆ ಎಲ್ಲವೂ ಸುಧಾರಣೆಯೇ ಶಿಕ್ಷೆಯ ಗುರಿಯಾಗಬೇಕೆಂದವು. ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬನು ಬರೆದ ಪತ್ರದಿಂದ ಹುಟ್ಟಿದ ‘ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿತು. ಆರೋಗ್ಯದ ಉಪೇಕ್ಷೆಯೂ ಹೊರಗಿನವರೊಡನೆ ಸಂಪರ್ಕದ ಕೊರತೆಯೂ ಅವುಗಳಲ್ಲಿದ್ದವು. ಆ ಬಳಿಕ 2008-09ರಲ್ಲಿ ಸುರೇಶ್ ಬಡ ಮಠ, ಪ್ರತಿಮಾ ಮೂರ್ತಿ ಮೊದಲಾದ ನಿಮ್ಹಾನ್ಸ್ ತಜ್ಞರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ನಡೆಸಿದ ಅಧ್ಯಯನ ಈ ಕ್ಷೇತ್ರದ ಮುಖ್ಯ ಆಧಾರವಾಗಿದೆ. ಅವರು ಪರೀಕ್ಷಿಸಿದ 5024 ಕೈದಿಗಳಲ್ಲಿ 4002 ಮಂದಿಗೆ, ಅಂದರೆ ಶೇಕಡ 79.6ರಷ್ಟು ಜನರಿಗೆ, ಮಾನಸಿಕ ಕಾಯಿಲೆ ಅಥವಾ ವ್ಯಸನದ ಸಮಸ್ಯೆಯಿತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ 1389 ಮಂದಿ, ಶೇಕಡ 27.6, ಉಳಿದರು. ಈ ಸಂಖ್ಯೆಗಳ ಎದುರು ಸಿಬ್ಬಂದಿಯ ಸಂಖ್ಯೆಯನ್ನು ಇಟ್ಟು ನೋಡಬೇಕು. 2016ರ ಮಾದರಿ ಕಾರಾಗೃಹ ಕೈಪಿಡಿಯ ಅಳತೆ 500 ಕೈದಿಗಳಿಗೆ ಒಬ್ಬ ಸಲಹೆಗಾರ ಅಥವಾ ಮನಶ್ಶಾಸ್ತ್ರಜ್ಞ. 2025ರ ಇಂಡಿಯಾ ಜಸ್ಟೀಸ್ ರಿಪೋರ್ಟ್ ಲೆಕ್ಕದಂತೆ ದೇಶದ ಸುಮಾರು 5.7 ಲಕ್ಷ ಕೈದಿಗಳಿಗೆ ಇದ್ದವರು 25 ಮಂದಿ. ಮೇಲ್ವಿಚಾರಣೆಗೆ ಮೊದಲು ಕೆಳಗೆ ಕೆಲಸ ಮಾಡುವವರಿರಬೇಕಲ್ಲವೆ?

ಮನಶ್ಶಾಸ್ತ್ರವನ್ನು ಗುಟ್ಟು ಕೀಳುವ ಸಾಧನವಾಗಿ ಬಳಸುವ ಟೇಲರನ ಕಾಲದ ಆಸೆ ಅಷ್ಟರಲ್ಲಿ ಹೊಸ ವೇಷದಲ್ಲಿ ಬಂದಿತ್ತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ 2000ರ ದಶಕದಲ್ಲಿ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಯಿತು. ಔಷಧಿ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತಾಡಿಸಿದ ದೃಶ್ಯಗಳು ದೂರದರ್ಶನದ ವಾಹಿನಿಗಳಲ್ಲಿ ಪ್ರಸಾರವಾದುದನ್ನು ಆ ಕಾಲದ ಓದುಗರು ಮರೆತಿರಲಾರರು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ನಕ್ಷೆ ಇವು ಯಾವುವನ್ನೂ ಮಾಡಕೂಡದೆಂದು ತೀರ್ಪಿತ್ತಿತು. ಮನಸ್ಸಿನೊಳಗೆ ಬಲವಂತದ ಪ್ರವೇಶ ಸಲ್ಲದೆಂಬ ಈ ತೀರ್ಪು ಕರ್ನಾಟಕದ ಹೆಸರನ್ನು ಹೊತ್ತಿರುವುದು ಸಂತೋಷದ ವಿಷಯವೋ ಮುಜುಗರದ್ದೋ ಹೇಳುವುದು ಕಷ್ಟ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ತನ್ನ 23ನೆಯ ಕಲಮಿನಲ್ಲಿ ಗೋಪ್ಯತೆಯನ್ನು ರೋಗಿಯ ಹಕ್ಕಾಗಿ ಮಾಡಿತು. ಇತರರ ಪ್ರಾಣಕ್ಕೆ ಅಪಾಯ, ನ್ಯಾಯಾಲಯದ ಆದೇಶ, ಸಾರ್ವಜನಿಕ ಸುರಕ್ಷತೆ ಮುಂತಾದ ವಿನಾಯಿತಿಗಳೂ ಅಲ್ಲಿವೆ. ಸೆರೆಮನೆಯಲ್ಲಿ ಎಲ್ಲವೂ ಸುರಕ್ಷತೆಯ ಹೆಸರಿನಲ್ಲಿಯೇ ನಡೆಯುವುದರಿಂದ ಕೊನೆಯ ವಿನಾಯಿತಿಯ ಬಾಗಿಲು ಎಷ್ಟು ಅಗಲ ಎಂಬುದನ್ನು ದಿನದಿನವೂ ತೀರ್ಮಾನಿಸುವವನು ಮೇಲ್ವಿಚಾರಕ ಮನಶ್ಶಾಸ್ತ್ರಜ್ಞ. ಇದೇ ಕಾಯ್ದೆಯ 103ನೆಯ ಕಲಮು ಪ್ರತಿ ರಾಜ್ಯದ ಕನಿಷ್ಠ ಒಂದು ಸೆರೆಮನೆಯ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರವಿರಬೇಕೆನ್ನುತ್ತದೆ. ಅದರಲ್ಲಿಯೇ ಒಂದು ವಿಚಿತ್ರ ಉಪಬಂಧವಿದೆ. ಸೆರೆಮನೆಯಲ್ಲಿ ಮಾನಸಿಕ ಕಾಯಿಲೆಯುಳ್ಳ ಕೈದಿಗಳು ಯಾರೂ ಇಲ್ಲವೆಂದು ಪ್ರಮಾಣೀಕರಿಸಿ ವೈದ್ಯಾಧಿಕಾರಿಯು ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕಳಿಸಬೇಕು. ಇದ್ದಾರೆ ಎನ್ನುವ ವರದಿಗೆ ಮೊದಲು ಇಲ್ಲ ಎನ್ನುವ ವರದಿಯನ್ನು ಕಾನೂನು ನಿರೀಕ್ಷಿಸುತ್ತದೆ. ಬೆಂಗಳೂರಿನ ಅಧ್ಯಯನದ ಅಂಕಿಸಂಖ್ಯೆಗಳನ್ನು ಬಲ್ಲ ವೈದ್ಯನೊಬ್ಬ ಇಂಥ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಹೇಗೆ?

ಇನ್ನು ಕೈದಿಗಳು ಬರುವ ಊರಿನ ಕಡೆಗೆ ತಿರುಗಬಹುದು. ಜಾನಪದ ಕ್ಷೇತ್ರಕಾರ್ಯದ ನಿಮಿತ್ತ ಆಳಂದ ತಾಲ್ಲೂಕಿನ ಜಿಡಗಾ ಮತ್ತು ಸುತ್ತಿನ ಹಳ್ಳಿಗಳಲ್ಲಿ ತಿರುಗಾಡಿದ ಪ್ರಸ್ತುತ ಲೇಖಕನಿಗೆ ಮನಸ್ಸಿನ ನೋವನ್ನು ಹೇಳುವ ಮಾತುಗಳ ಸಮೃದ್ಧಿ ಬಹಳವಾಗಿ ಕಂಡಿದೆ. ‘ಜೀವ ಕಳವಳ ಆಗ್ಲತ್ತದ’, ‘ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ಯಾದ’, ‘ಮನಸಿಗಿ ಹಚ್ಕೊಂಡಾನ’, ‘ಒಳಗೊಳಗ ಕುದಿಲತ್ತಾನ’, ‘ತಲಿ ತಿರಗ್ಯಾದ’, ‘ಗಾಳಿ ಸೋಂಕ್ಯಾದ’. ಇವು ಒಂದಕ್ಕೊಂದು ಪರ್ಯಾಯಗಳಲ್ಲ. ಕಳವಳ ಬರುವುದು ಆಗಬಾರದ್ದು ಆದೀತೆಂಬ ಅಂಜಿಕೆಯಿಂದ. ಮನಸ್ಸಿಗೆ ಹಚ್ಚಿಕೊಳ್ಳುವುದು ಆಗಿಹೋದುದನ್ನು. ಕುದಿಯುವವನಲ್ಲಿ ಸಿಟ್ಟಿದೆ, ಎದೆಯ ಮೇಲೆ ಕಲ್ಲಿಟ್ಟಂತಾದವನಲ್ಲಿ ಸಿಟ್ಟೂ ಉಳಿದಿಲ್ಲ. ಇಂಥವನನ್ನು ‘ನೀವು ಖಿನ್ನತೆಯಿಂದ ಬಳಲುತ್ತಿದ್ದೀರಾ?’ ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದರೆ ‘ಇಲ್ರಿ ಸಾಹೇಬ್ರ’ ಎಂಬ ಉತ್ತರ ಬರುತ್ತದೆ. ನಮೂನೆಯಲ್ಲಿ ಇಲ್ಲ ಎಂಬ ಗುರುತು ಬೀಳುತ್ತದೆ. ತರಬೇತಿಯ ಭಾಷೆ ಬೆಂಗಳೂರು ಮೈಸೂರುಗಳದು, ಕೈದಿಯ ಭಾಷೆ ಭೀಮಾ ತೀರದ್ದು. ಈ ಅಂತರವನ್ನು ಗುರುತಿಸಿ ಕಿರಿಯರ ಕಿವಿಯನ್ನು ಪಳಗಿಸುವುದು ಹಿರಿಯ ಮನಶ್ಶಾಸ್ತ್ರಜ್ಞನ ಕೆಲಸದಲ್ಲಿ ಸೇರಬೇಕು; ಸೇರಿರುವ ಕಡೆಗಳಲ್ಲಿ ಅದರ ಫಲವೂ ಕಾಣುತ್ತದೆ.

ಭಾಷೆಯಷ್ಟೇ ಸಾಲದು, ಹಂಗಾಮಿನ ತಿಳಿವಳಿಕೆಯೂ ಬೇಕಾಗುತ್ತದೆ. ಈ ಮೂರೂ ತಾಲ್ಲೂಕುಗಳು ತೊಗರಿಯ ನಾಡು. ಡಿಸೆಂಬರ್, ಜನವರಿಯ ಹೊತ್ತಿಗೆ ತೊಗರಿ ಕೊಯ್ದು ರಾಶಿ ಮಾಡುವ ಕಾಲ. ಒಳಗಿರುವ ರೈತನಿಗೆ ಆಗ ನಿದ್ದೆ ಹತ್ತುವುದಿಲ್ಲ. ರಾಶಿಗೆ ಯಾರು ನಿಂತರು, ಸಾಲಗಾರ ಕಣಕ್ಕೇ ಬಂದನೆ, ಯಾವ ಬದುವಿಗಾಗಿ ಜಗಳವಾಯಿತೋ ಆ ಬದು ಈಗ ಎಲ್ಲಿಗೆ ಸರಿದಿದೆ ಎಂಬ ಚಿಂತೆ. ದಾಖಲೆಯಲ್ಲಿ ಇದು ಕಾರಣವಿಲ್ಲದ ನಿದ್ರಾಹೀನತೆಯಾಗಿ ಕಾಣಬಹುದು. ಹಾಗೆಯೇ ಸೇಂದಿಯ ವಿಷಯ. ಹೈದರಾಬಾದ್ ಕರ್ನಾಟಕದ ಹಲವೆಡೆ ನಿದ್ರಾಜನಕ ರಾಸಾಯನಿಕ ಬೆರೆಸಿದ ಸೇಂದಿಯ ಚಟ ಬಹುಕಾಲದ ಪಿಡುಗಾಗಿತ್ತು. ಇಂಥ ಚಟವಿದ್ದವನು ಬಂಧನವಾದ ಎರಡು ಮೂರು ದಿನಗಳಲ್ಲಿ ನಡುಗುತ್ತಾನೆ, ಇಲ್ಲದ್ದನ್ನು ಕಾಣುತ್ತಾನೆ, ಗೋಡೆಯೊಡನೆ ಮಾತಾಡುತ್ತಾನೆ. ಅವನಿಗೆ ಬೇಕಾದುದು ತುರ್ತು ವೈದ್ಯಕೀಯ ಆರೈಕೆ. ಬ್ಯಾರಕಿನ ಜತೆಗಾರರು ಅವನಿಗೆ ಗಾಳಿ ಹೊಕ್ಕಿದೆ ಎನ್ನುತ್ತಾರೆ. ಕಾವಲಿನವರು ನಾಟಕ ಎನ್ನುತ್ತಾರೆ.

ಗಾಳಿಯ ಮಾತು ಬಂದುದರಿಂದ ಗಾಣಗಾಪುರವನ್ನು ನೆನೆಯಲೇಬೇಕು. ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿನ ದತ್ತಾತ್ರೇಯ ಕ್ಷೇತ್ರಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಚಿತ್ತ ಕೆಟ್ಟವರನ್ನು ಕರೆತರುವ ವಾಡಿಕೆ ಬಹು ಹಿಂದಿನದು. ಮಹಾಮಂಗಳಾರತಿಯ ಹೊತ್ತಿಗೆ ಅವರು ಕೂಗುತ್ತಾರೆ, ಬಯ್ಯುತ್ತಾರೆ, ಕಂಬಗಳನ್ನು ಹಿಡಿದು ಮೇಲೇರಲು ಹವಣಿಸುತ್ತಾರೆ. ಯಾರೂ ಅವರನ್ನು ಗದರಿಸುವುದಿಲ್ಲ. ಆಳಂದದ ಲಾಡ್ಲೇ ಮಶಾಕ್ ದರ್ಗಾಕ್ಕೂ ಘತ್ತರಗಿಯ ಭಾಗ್ಯವಂತಿಯ ಸನ್ನಿಧಿಗೂ ಜಾತಿಮತಗಳ ಎಣಿಕೆಯಿಲ್ಲದೆ ಇಂಥ ಸಂಕಟಗಳನ್ನು ಹೊತ್ತ ಜನ ಹೋಗುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳುವುದೂ ಸುಲಭ, ಚಿಕಿತ್ಸೆಯೆಂದು ಹೊಗಳುವುದೂ ಸುಲಭ. ಚಿಕಿತ್ಸೆ ಬೇಕಾದವರನ್ನು ಕ್ಷೇತ್ರಗಳಲ್ಲಿಯೇ ಬಿಟ್ಟರೆ ಏನಾಗುತ್ತದೆಂಬುದನ್ನು 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ, ಸರಪಳಿ ಬಿಗಿದಿದ್ದ 28 ಮಂದಿ ಬೆಂಕಿಗೆ ಬಲಿಯಾದಾಗ ದೇಶ ಕಂಡಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಅಂಶವೆಂದರೆ, ಊರಿನಲ್ಲಿದ್ದರೆ ಮನೆಯವರು ಕೈಹಿಡಿದು ಗಾಣಗಾಪುರಕ್ಕೋ ದರ್ಗಾಕ್ಕೋ ಒಯ್ಯುತ್ತಿದ್ದವನು ಸೆರೆಮನೆಯಲ್ಲಿರುವಾಗ ಆ ದಾರಿ ಮುಚ್ಚಿರುತ್ತದೆ. ಅವನ ಎದುರಿಗೆ ಉಳಿಯುವವನು ಮನಶ್ಶಾಸ್ತ್ರಜ್ಞ ಒಬ್ಬನೇ.

ಕೊಲೆಯ ಆರೋಪಿಗಳಲ್ಲಿ ಕೆಲವರು ಸತ್ತವನು ರಾತ್ರಿ ಬಂದು ಕಾಲದೆಸೆಯಲ್ಲಿ ನಿಲ್ಲುತ್ತಾನೆ ಎನ್ನುವುದುಂಟು. ‘ಬೇರೆಯವರಿಗೆ ಕಾಣದ್ದು ನಿಮಗೆ ಕಾಣುತ್ತದೆಯೆ?’ ಎಂಬ ನಮೂನೆಯ ಪ್ರಶ್ನೆಗೆ ಇವನ ಉತ್ತರ ಹೌದು. ಅಕಾಲಮರಣಕ್ಕೀಡಾದವನು ಕೊಂದವನ ಬೆನ್ನು ಹತ್ತುತ್ತಾನೆಂಬುದು ಇಲ್ಲಿನ ಎಲ್ಲ ಜನಸಮುದಾಯಗಳ ನಂಬಿಕೆಯಾಗಿರುವಾಗ ಈ ‘ಹೌದು’ ಭ್ರಮೆಯೋ, ಪಶ್ಚಾತ್ತಾಪವೋ, ಪರಂಪರೆ ಕೊಟ್ಟ ಭಾಷೆಯೋ? ನಂಬಿಕೆಯಲ್ಲಿ ಬರುವ ಪ್ರೇತಕ್ಕೆ ಹೊತ್ತು ಗೊತ್ತುಗಳಿವೆ: ಅಮಾವಾಸ್ಯೆ, ನಡುರಾತ್ರಿ, ಶಾಂತಿ ಮಾಡಿಸುವವರೆಗೆ. ಎಲ್ಲ ಹೊತ್ತಿನಲ್ಲಿಯೂ ಎಡೆಬಿಡದೆ ಆಜ್ಞೆ ಮಾಡುವ ಧ್ವನಿಗೆ ಜಾನಪದದಲ್ಲಿ ಮಾದರಿಯಿಲ್ಲ. ಅದು ರೋಗದ ಕಡೆಗೆ ಬೆರಳು ಮಾಡುತ್ತದೆ. ಈ ವ್ಯತ್ಯಾಸವನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ಹಿರಿಯರ ಜತೆ ಕುಳಿತು ಒಂದೊಂದೇ ಪ್ರಕರಣವನ್ನು ಬಿಡಿಸುವಾಗ ತಿಳಿಯುತ್ತದೆ. ಅಂಥ ಕೈದಿ ಮೊದಲು ಕೇಳುವುದು ‘ತಪ್ಪುಗಾಣಿಕಿ’ಯ ವಿಚಾರ. ಊರಿನಲ್ಲಿ ದೈವದವರ ಮುಂದೆ, ಅಂದರೆ ಪಂಚರ ಮುಂದೆ, ತಪ್ಪೊಪ್ಪಿ ಕಾಣಿಕೆ ಇಟ್ಟವನು ಮತ್ತೆ ಪಂಕ್ತಿಗೆ ಸೇರುತ್ತಾನೆ. ನ್ಯಾಯಾಲಯದಲ್ಲಿ ತಪ್ಪೊಪ್ಪಿದವನು ಪಂಕ್ತಿಯಿಂದ ಇನ್ನೂ ದೂರ ಹೋಗುತ್ತಾನೆ. ವಿಚಾರಣಾಧೀನ ಕೈದಿಗೆ ವಕೀಲರು ಬಾಯಿ ಬಿಡಬೇಡ ಎಂದಿರುತ್ತಾರೆ. ಮನಸ್ಸು ಹೇಳಿಬಿಡು ಎನ್ನುತ್ತಿರುತ್ತದೆ. 2022ರ ಲೆಕ್ಕದಂತೆ ದೇಶದ ಕೈದಿಗಳಲ್ಲಿ ಶೇಕಡ 75.8ರಷ್ಟು ಮಂದಿ ವಿಚಾರಣಾಧೀನರೇ ಆಗಿರುವುದರಿಂದ ಇದು ಅಪರೂಪದ ಸಂದರ್ಭವೇನೂ ಅಲ್ಲ.

ಮನಶ್ಶಾಸ್ತ್ರದ ಹೆಸರಿಲ್ಲದೆ ಈ ಬಿಕ್ಕಟ್ಟನ್ನು ಮುಟ್ಟಿದ ಒಂದು ಪ್ರಯತ್ನವನ್ನು ಇಲ್ಲಿ ಹೆಸರಿಸಬೇಕು. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯ ವರ್ಷಗಳಿಂದ ಕರ್ನಾಟಕದ ಸೆರೆಮನೆಗಳಲ್ಲಿ ಕೈದಿಗಳಿಂದ ನಾಟಕಗಳನ್ನು ಆಡಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ ಹಾಗೂ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶರು ರಚಿಸಿದ ‘ಮಾರನಾಯಕ’ ಅವುಗಳಲ್ಲಿವೆ. ಕೊಂದ ಕೈಯ ರಕ್ತ ತೊಳೆಯದೆ ನಿದ್ದೆಗೆಟ್ಟವನ ಪಾತ್ರವನ್ನು ಜೀವಾವಧಿ ಕೈದಿಯೊಬ್ಬ ಆಡುವಾಗ ಅವನು ಹೇಳುವ ಮಾತು ಪಾತ್ರದ್ದು. ಯಾವ ಕಡತಕ್ಕೂ ಅದು ಸೇರುವುದಿಲ್ಲ. ಹೇಳಿಯೂ ಹೇಳದಂತಿರುವ ಅವಕಾಶವನ್ನು ನಮ್ಮ ಬಯಲಾಟಗಳೂ ಗೀಗೀ ಮೇಳಗಳೂ ಬಲ್ಲವು. ಸಲಹೆಯ ಕೋಣೆಯಲ್ಲಿ ಇಂಥ ಅವಕಾಶವನ್ನು ಉಂಟುಮಾಡುವುದು ಇನ್ನೂ ಕಠಿಣ.

ಕೊನೆಯದಾಗಿ ದುಭಾಷಿಯ ಪ್ರಶ್ನೆ. ಆಳಂದ ಗಡಿಯ ತಾಲ್ಲೂಕು. ಕನ್ನಡದ ಜತೆ ಮರಾಠಿ, ಉರ್ದು, ಲಂಬಾಣಿ ಮಾತುಗಳು ಇಲ್ಲಿ ಬಳಕೆಯಲ್ಲಿವೆ. ತಾಂಡಾದಿಂದ ಬಂದ ಲಂಬಾಣಿ ಮಹಿಳೆಯೊಬ್ಬಳು ಮಹಿಳಾ ಬ್ಯಾರಕಿನಲ್ಲಿದ್ದಾಗ ಅವಳ ಮಾತನ್ನು ಕನ್ನಡಕ್ಕೆ ತಂದುಕೊಡುವವರು ಸಾಮಾನ್ಯವಾಗಿ ಜತೆಯ ಕೈದಿ ಇಲ್ಲವೆ ಕಾವಲಿನ ಹೆಂಗಸು. ವೃತ್ತಿಪರರನ್ನು ಕಟ್ಟಿಹಾಕುವ ಗೋಪ್ಯತೆಯ ಕಲಮು ಜತೆಯ ಕೈದಿಯ ಬಾಯಿಗೆ ಬೀಗ ಹಾಕಲಾರದು. ಇದಲ್ಲದೆ ಲಂಬಾಣಿ ಹೆಂಗಸರ ಶೋಕಕ್ಕೆ ತನ್ನದೇ ಆದ ರೂಪವಿದೆ. ಮದುವೆಯಲ್ಲಿ ತವರು ಬಿಡುವ ಮಗಳು ಹಾಡುವ ‘ಢಾವಲೋ’ದಲ್ಲಿ ಕಾಣುವಂತೆ, ಅವರು ಅಳುವನ್ನು ರಾಗವಾಗಿ ಎಳೆದು, ಸಂಬಂಧಿಕರನ್ನು ಒಬ್ಬೊಬ್ಬರನ್ನಾಗಿ ಹೆಸರಿಟ್ಟು ಕರೆದು, ಆಗಿದ್ದನ್ನೆಲ್ಲ ಅದರೊಳಗೆ ಹೇಳುತ್ತಾರೆ. ಅದನ್ನು ತಿಳಿಯದವರಿಗೆ ಇದು ಉನ್ಮಾದದ ಅಳುವಾಗಿ ಕಾಣುತ್ತದೆ. ತಿಳಿದ ಮೇಲ್ವಿಚಾರಕರು ಮಾಡುವ ಮೊದಲ ಕೆಲಸವೆಂದರೆ, ಆಕೆ ಮುಗಿಸುವವರೆಗೆ ಅಡ್ಡ ಪ್ರಶ್ನೆ ಹಾಕಬೇಡಿರೆಂದು ಕಿರಿಯರಿಗೆ ಹೇಳುವುದು. ಎರಡನೆಯದು, ಸೆರೆಮನೆಯ ಹೊರಗಿನಿಂದ, ಆ ತಾಂಡಾದವಳಲ್ಲದ ಲಂಬಾಣಿ ಬಲ್ಲ ಆರೋಗ್ಯ ಕಾರ್ಯಕರ್ತೆಯೊಬ್ಬಳನ್ನು ಕರೆಸುವುದು. ಅಂಥವಳು ಸಿಗದ ದಿನ ಆಕೆ ಅರ್ಧ ಗಂಟೆ ಹೇಳಿದ್ದು ದುಭಾಷಿಯ ಬಾಯಲ್ಲಿ ‘ಮನಿ ನೆನಪು ಆಗ್ಲತ್ತದಂತ್ರಿ’ ಎಂಬಷ್ಟಾಗಿ ಬರುತ್ತದೆ. ಕಡತಕ್ಕೆ ಸೇರುವುದು ಅಷ್ಟೇ.